ಸರ್ಕಾರ ಬದಲಾಯಿಸುವವರು ಯಾರು?

(ದತ್ತಿ ಉಪನ್ಯಾಸದ ಲಿಖಿತ ರೂಪ)



ನಾನು ರಾಜ್ಯಶಾಸ್ತ್ರದ ಪಂಡಿತನಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿಕೊಂಡು ಬಂದವನು, ಮತಪತ್ರದ ಕಾಲದಲ್ಲೂ ಮತಯಂತ್ರದ ಕಾಲದಲ್ಲೂ ಚುನಾವಣಾ ಕರ್ತವ್ಯ ಮಾಡಿದವನು. ಎಲ್ಲಕ್ಕಿಂತ ಮೊದಲು ಒಬ್ಬ ಮತದಾರ. ಆ ನೆಲೆಯಲ್ಲಿ ನಿಂತು ಇವತ್ತು ಒಂದೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ರಾಜ್ಯದಲ್ಲಿ ಸರ್ಕಾರ ಬದಲಾಯಿಸುವವರು ಯಾರು?

ಹತ್ತನೇ ತರಗತಿಯ ಹುಡುಗನೂ ‘ಮತದಾರರು’ ಎಂದು ಥಟ್ಟನೆ ಹೇಳುತ್ತಾನೆ. ಸರಿ ಉತ್ತರವೆಂದು ಅಂಕವನ್ನೂ ಕೊಟ್ಟಿದ್ದೇನೆ. ಆದರೆ ಕರ್ನಾಟಕದ ಕಳೆದ ನಾಲ್ಕು ದಶಕಗಳನ್ನು ನೋಡಿದರೆ ಆ ಉತ್ತರ ಅರ್ಧ ನಿಜ. ಉಳಿದರ್ಧವನ್ನು ನಿಜ ಮಾಡುವ ಹೊಣೆ ಯಾರ ಮೇಲಿದೆ ಎಂಬುದೇ ನನ್ನ ಮಾತಿನ ಸಾರ.

ಅಹವಾಲಿನಿಂದ ಅಧಿಕಾರಕ್ಕೆ

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಜಮೀನುದಾರರು, ವರ್ತಕರು ದಸರಾ ಸಮಯದಲ್ಲಿ ಮೈಸೂರಿಗೆ ಬಂದು ಸೇರುತ್ತಿದ್ದರು. ಕೆರೆ ಒಡೆದಿದೆ, ರಸ್ತೆ ಬೇಕು, ಕಂದಾಯ ಹೆಚ್ಚಾಯಿತು ಎಂದು ಅಹವಾಲು ಹೇಳಿಕೊಳ್ಳುತ್ತಿದ್ದರು, ದಿವಾನರು ವರದಿ ಓದುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಆದರೂ ಅಲ್ಲಿ ಪ್ರಜೆಗೆ ಕೇಳುವ ಅವಕಾಶವಿತ್ತೇ ಹೊರತು, ಕೇಳಿದ್ದನ್ನು ಕೊಡದ ದಿವಾನರನ್ನು ಇಳಿಸುವ ಅಧಿಕಾರವಿರಲಿಲ್ಲ.

ಆ ಅಧಿಕಾರಕ್ಕಾಗಿ ಮೈಸೂರಿನವರು ಸ್ವಾತಂತ್ರ್ಯ ಬಂದ ಮೇಲೂ ಹೋರಾಡಬೇಕಾಯಿತು. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ತ್ರಿವರ್ಣ ಧ್ವಜ ಹಾರಿದಾಗ ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತವೇ ಇತ್ತು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ವಿದ್ಯಾರ್ಥಿಗಳು ತರಗತಿ ಬಿಟ್ಟರು, ಕಾರ್ಮಿಕರು ಕೆಲಸ ನಿಲ್ಲಿಸಿದರು, ಜೈಲುಗಳು ತುಂಬಿದವು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಜನ ಇನ್ನೊಂದು ವರ್ಷ ಕಾಯಬೇಕಾಯಿತು. ಜನಕ್ಕೆ ಉತ್ತರ ಕೊಡಬೇಕಾದ ಸರ್ಕಾರ ನಮಗೆ ಯಾರೋ ದಯಪಾಲಿಸಿದ್ದಲ್ಲ, ನಮ್ಮ ಅಜ್ಜಂದಿರು ಬೀದಿಗಿಳಿದು ಪಡೆದದ್ದು. ವಿದ್ಯಾರ್ಥಿ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಚಳವಳಿಯಲ್ಲಿದ್ದ ಎಷ್ಟೋ ಮಂದಿಗೆ ನಿಮ್ಮದೇ ವಯಸ್ಸು.

1951-52ರ ಮೊದಲ ಮಹಾ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್ ಅವರು ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಡಿಸಿ, ಅದರ ಮೇಲೆ ಚಿಹ್ನೆ ಅಂಟಿಸಿದರು. ಅಕ್ಷರ ಬಾರದವರು ಚಿಹ್ನೆ ನೋಡಿ ಮತ ಹಾಕಿದರು. ಅದೇ ಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದದ್ದನ್ನೂ ನೆನೆಯಬೇಕು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಪಟ್ಟಿ ಬರೆಯಲು ಬಂದ ಪರಪುರುಷನ ಮುಂದೆ ಹೆಸರು ಹೇಳಲಾರದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪ್ರಜಾಪ್ರಭುತ್ವವೂ ಇಲ್ಲ ಎಂಬ ಪಾಠ ಅಂದೇ ಸಿಕ್ಕಿತು. ಇವತ್ತಿಗೂ ಅದು ಹಳತಾಗಿಲ್ಲ.

ಬೆರಳಿಗೆ ಹಚ್ಚುವ ಶಾಯಿಯ ವಿಷಯದಲ್ಲಿ ನಾವು ಹೆಮ್ಮೆಪಡಬಹುದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಈ ಶಾಯಿ ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿದರೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಉಗುರು ಬೆಳೆದು ಕತ್ತರಿಸಿಹೋಗುವವರೆಗೂ ಇರುತ್ತದೆ. ಒಬ್ಬರಿಗೆ ಒಂದೇ ಮತ ಎಂಬ ಸಂವಿಧಾನದ ಮಾತನ್ನು ಕೋಟ್ಯಂತರ ಬೆರಳುಗಳ ಮೇಲೆ ಬರೆದದ್ದು ನಮ್ಮ ಮೈಸೂರಿನ ಶಾಯಿ.

ಮತದಾರರ ವಿವೇಕ

‘ಜನಕ್ಕೆ ಏನು ತಿಳಿಯುತ್ತೆ, ದುಡ್ಡು ಕೊಟ್ಟವರಿಗೆ ಒತ್ತುತ್ತಾರೆ’ ಎನ್ನುವ ಮಾತು ಓದಿದವರ ಬಾಯಲ್ಲಿ ಹೆಚ್ಚು ಕೇಳಿಸುತ್ತದೆ. ನಮ್ಮ ರಾಜ್ಯದ ಫಲಿತಾಂಶಗಳು ಬೇರೆಯದನ್ನೇ ಹೇಳುತ್ತವೆ.

1962ರಲ್ಲಿ ಕಾಂಗ್ರೆಸ್ಸಿಗೆ ಬಹುಮತ ಕೊಟ್ಟ ಮತದಾರರೇ ಅದರ ದೊಡ್ಡ ನಾಯಕ ಎಸ್. ನಿಜಲಿಂಗಪ್ಪನವರನ್ನು ಹೊಸದುರ್ಗದಲ್ಲಿ ಸೋಲಿಸಿದರು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ ಅವರ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತು. ಅದೇ ಕರ್ನಾಟಕ 1983ರಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರವನ್ನು ತಂದಿತು.

1984-85ರ ಸಂಗತಿ ಇನ್ನೂ ವಿಶೇಷವಾದದ್ದು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ, ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ಇಲ್ಲಿ ಸಿಕ್ಕಿದ್ದು ಬರೀ ನಾಲ್ಕು ಸ್ಥಾನ, ಕಾಂಗ್ರೆಸ್ಸಿಗೆ 24. ವಿಧಾನಸಭೆಯ ಅವಧಿ ಇನ್ನೂ ಸಾಕಷ್ಟಿತ್ತು. ಆದರೂ ಜನರ ವಿಶ್ವಾಸ ಕಳೆದುಕೊಂಡ ಮೇಲೆ ಕುರ್ಚಿಯಲ್ಲಿ ಕೂರುವುದು ಸರಿಯಲ್ಲವೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಬಯಸಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆ ಬೇರೆಯಾಗಿ ತೂಗಿ ನೋಡುವ ಶಕ್ತಿ ನಮ್ಮ ಜನಕ್ಕಿದೆ ಎನ್ನಲು ಇನ್ನಾವ ಸಾಕ್ಷಿ ಬೇಕು? ಹೆಗಡೆಯವರ ರಾಜಕೀಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ಅಂದು ಅವರು ಜನರ ಬಳಿಗೇ ಹಿಂತಿರುಗಿದ್ದು ದೊಡ್ಡ ಮೇಲ್ಪಂಕ್ತಿ.

1985ರಿಂದೀಚೆಗೆ ಐದು ವರ್ಷ ಆಳಿದ ಯಾವ ಪಕ್ಷಕ್ಕೂ ಕರ್ನಾಟಕದ ಮತದಾರರು ಬೆನ್ನುಬೆನ್ನಿಗೆ ಬಹುಮತ ಕೊಟ್ಟಿಲ್ಲ. 2023ರಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಸೋತ ಸರ್ಕಾರ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟಿತು, ಗೆದ್ದವರು ಬಂದರು. ಮರುದಿನ ಶಾಲೆ, ಬಸ್ಸು, ಸಂತೆ ಎಲ್ಲವೂ ಎಂದಿನಂತೆ ನಡೆದವು. ನೆರೆಹೊರೆಯ ಎಷ್ಟೋ ದೇಶಗಳಲ್ಲಿ ಸರ್ಕಾರ ಬದಲಾಗುವುದೆಂದರೆ ಸೇನೆ ಬೀದಿಗಿಳಿಯುವುದು ಎಂದರ್ಥವಾಗಿದ್ದ ಕಾಲವಿತ್ತು. ಸೋತವರು ಸುಮ್ಮನೆ ಇಳಿದುಹೋಗುವುದನ್ನು ನಾವು ಅಭ್ಯಾಸ ಮಾಡಿಕೊಂಡಿದ್ದೇವೆ. ಅಭ್ಯಾಸವಾದದ್ದರಿಂದಲೇ ಅದರ ಬೆಲೆ ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೂ ಉತ್ತರ ನಮ್ಮಲ್ಲೇ ಇದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದ ಅಂತರದಲ್ಲಿ. 2023ರಲ್ಲಿ ಬೆಂಗಳೂರಿನ ಜಯನಗರ ತೀರ್ಮಾನವಾದದ್ದು 16 ಮತಗಳಿಂದ. ಆ ವರ್ಷ ರಾಜ್ಯದಲ್ಲಿ ಶೇ 73ರಷ್ಟು ಮತದಾನವಾದರೆ ರಾಜಧಾನಿ ಶೇ 60ನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಕೂತವರು ಹಲವು ಸಾವಿರ, ಅಂತರ 16.

ಮತಗಟ್ಟೆಯ ಒಳಗೆ

ಯಂತ್ರದ ಬಗ್ಗೆ, ಎಣಿಕೆಯ ಬಗ್ಗೆ ಅನುಮಾನ ಇರುವವರು ಒಮ್ಮೆ ಯಾವುದಾದರೂ ಅಭ್ಯರ್ಥಿಯ ಏಜೆಂಟರಾಗಿ ಮತಗಟ್ಟೆಯಲ್ಲಿ ಕೂರಬೇಕು. ಮತದಾನ ಶುರುವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆ ಅಣಕು ಮತದಾನ. ಏಜೆಂಟರ ಕಣ್ಣೆದುರೇ ಕನಿಷ್ಠ 50 ಮತ ಒತ್ತಿ, ಯಂತ್ರದ ಲೆಕ್ಕವನ್ನೂ ವಿವಿಪ್ಯಾಟ್ ಚೀಟಿಗಳನ್ನೂ ತಾಳೆ ನೋಡಿ, ಎಲ್ಲವನ್ನೂ ಅಳಿಸಿ ಸೀಲ್ ಮಾಡಬೇಕು. ಸಂಜೆ ಮತದಾನ ಮುಗಿದ ಮೇಲೆ ಎಷ್ಟು ಮತ ಬಿದ್ದಿದೆ ಎಂದು ‘17ಸಿ’ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಆ ಸಂಖ್ಯೆ ಹಿಡಿದುಕೊಂಡು ಹೋಗಿ ಅಭ್ಯರ್ಥಿಗಳ ಎಣಿಕೆ ಏಜೆಂಟರು ತಾಳೆ ಹಾಕಬಹುದು. ಅನುಮಾನ ಪ್ರಜೆಯ ಹಕ್ಕು. ಆದರೆ ಪರೀಕ್ಷಿಸುವ ದಾರಿ ತೆರೆದಿರುವಾಗ ಜಗುಲಿಯ ಮೇಲೆ ಕೂತು ಅನುಮಾನಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ನಾನು ಕಂಡದ್ದೊಂದನ್ನು ಹೇಳಬೇಕು. ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆ. ಮಧ್ಯಾಹ್ನದ ಹೊತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಮಗ ಕೈಹಿಡಿದು ಕರೆತಂದ. ‘ನಮ್ಮವ್ವಂಗೆ ಕಣ್ ಮಂಜು ಸಾರ್, ನಾನೇ ಒತ್ತುತೀನಿ’ ಎಂದ. ಕಣ್ಣು ಕಾಣದವರು, ಕೈಲಾಗದವರು ಜೊತೆಗೊಬ್ಬರನ್ನು ಕರೆದೊಯ್ಯಬಹುದೆಂಬ ನಿಯಮವಿದೆ. ಅದನ್ನು ತೀರ್ಮಾನಿಸುವ ಕೆಲಸ ಅಧ್ಯಕ್ಷಾಧಿಕಾರಿಯದು. ನಾನು ಅಜ್ಜಿಯನ್ನೇ ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, ‘ನನ್ಗೆ ಕಣ್ ಕಾಣ್ತೈತೆ ಸಾರ್. ಇವ್ನು ಆಚೆ ನಿಂತ್ಕಳ್ಳಿ’ ಎಂದರು. ಮಗ ಹೊರಗೆ ಹೋದ. ಆಕೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಟ್ಟಿನ ಮರೆಯ ಹಿಂದೆ ಹೋದರು. ಬೀಪ್ ಸದ್ದಾಯಿತು. ಬಂದ ದಾರಿಯಲ್ಲೇ ನಿಧಾನಕ್ಕೆ ಹೊರಟುಹೋದರು.

ಮನೆಯ ಲೆಕ್ಕ, ಜಮೀನಿನ ಪಹಣಿ, ಮದುವೆಯ ಮಾತುಕತೆ, ಯಾವುದರಲ್ಲೂ ಬಹುಶಃ ಆಕೆಯ ಮಾತು ಕಡೆಯ ಮಾತಾಗಿರಲಿಲ್ಲ. ಆ ರಟ್ಟಿನ ಮರೆಯ ಹಿಂದೆ ಮಾತ್ರ ಗಂಡ, ಮಗ, ಗೌಡ, ಪಟೇಲ ಯಾರೂ ಇರಲಿಲ್ಲ. ಗುಪ್ತ ಮತದಾನ ಎಂದರೇನೆಂದು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಅದು ಎಂಥ ಶಕ್ತಿಯೆಂದು ನನಗೆ ತೋರಿಸಿಕೊಟ್ಟವರು ಆ ತಾಯಿ.

ಮೊದಲ ಸೋರಿಕೆ: ಪಕ್ಷಾಂತರ

ಆ ತಾಯಿ ಒತ್ತಿದ ಮತಕ್ಕೆ ಆಮೇಲೆ ಏನಾಗುತ್ತದೆ? ಇಲ್ಲಿಂದ ನನ್ನ ಕಳವಳ ಶುರುವಾಗುತ್ತದೆ. ಆ ಮತದ ಬಲ ಎರಡು ಕಡೆ ಸೋರಿಹೋಗುತ್ತಿದೆ.

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ಶಾಸಕರ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲಿ ಬಲ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತವನ್ನು ಪರೀಕ್ಷಿಸಬೇಕಾದ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು ಸ್ಪಷ್ಟಪಡಿಸಿತು. ಇಡೀ ದೇಶದ ರಾಜ್ಯ ಸರ್ಕಾರಗಳಿಗೆ ರಕ್ಷಣೆಯಾದ ಆ ತೀರ್ಪು ಹುಟ್ಟಿದ್ದು ಕರ್ನಾಟಕದ ಗಾಯದಿಂದ.

ರಾಜಭವನದ ಬಾಗಿಲು ಹೀಗೆ ಮುಚ್ಚಿದ ಮೇಲೆ ಇನ್ನೊಂದು ಕಿಂಡಿ ತೆರೆಯಿತು. 1985ರ ಪಕ್ಷಾಂತರ ನಿಷೇಧ ಕಾಯ್ದೆ ಪಕ್ಷ ಬಿಟ್ಟವರ ಸದಸ್ಯತ್ವ ಕಳೆಯುತ್ತದೆ. ಮೂರನೇ ಒಂದು ಭಾಗ ಒಡೆದುಹೋದರೆ ಇದ್ದ ವಿನಾಯಿತಿಯನ್ನೂ 2003ರ ತಿದ್ದುಪಡಿ ತೆಗೆಯಿತು. ಆದರೆ ಶಾಸಕ ತಾನಾಗಿ ರಾಜೀನಾಮೆ ಕೊಟ್ಟು, ಎದುರು ಪಕ್ಷದ ಟಿಕೆಟಿನಲ್ಲಿ ಉಪಚುನಾವಣೆಗೆ ನಿಂತರೆ ಕಾನೂನಿನ ಕೈಗೆ ಸಿಗುವುದು ಕಷ್ಟ. 2008ರಲ್ಲಿ ಬಿಜೆಪಿಗೆ 110 ಸ್ಥಾನ ಸಿಕ್ಕಿ ಬಹುಮತಕ್ಕೆ ಮೂರು ಕಡಿಮೆಯಾದಾಗ ಈ ಕಿಂಡಿಯ ಬಳಕೆ ‘ಆಪರೇಷನ್ ಕಮಲ’ ಎಂಬ ಹೆಸರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. 2019ರ ಜುಲೈ 23ರಂದು ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ 99-105ರಲ್ಲಿ ವಿಶ್ವಾಸಮತ ಸೋತಿತು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲವೆಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ 12 ಹೊಸ ಆಡಳಿತ ಪಕ್ಷವಾದ ಬಿಜೆಪಿಯ ಪಾಲಾದವು. ಅನರ್ಹರಾಗಿದ್ದವರಲ್ಲಿ ಹಲವರು ಮಂತ್ರಿಗಳಾದರು.

‘ಜನರೇ ಮತ್ತೆ ಗೆಲ್ಲಿಸಿದರಲ್ಲ, ತಪ್ಪೇನು?’ ಎಂದು ಕೇಳುವವರಿದ್ದಾರೆ. ಈ ವಾದವನ್ನು ತಳ್ಳಿಹಾಕದೆ ಉತ್ತರ ಕೊಡಬೇಕು. ಸಾಮಾನ್ಯ ಚುನಾವಣೆಯಲ್ಲಿ ಜನರ ಮುಂದಿರುವ ಪ್ರಶ್ನೆ ಯಾವ ಸರ್ಕಾರ ಬೇಕು ಎಂಬುದು. ಉಪಚುನಾವಣೆ ಬರುವ ಹೊತ್ತಿಗೆ ಸರ್ಕಾರ ಆಗಲೇ ಬದಲಾಗಿರುತ್ತದೆ. ಅಲ್ಲಿ ಉಳಿಯುವ ಪ್ರಶ್ನೆ, ನಮ್ಮ ಕ್ಷೇತ್ರಕ್ಕೆ ಮಂತ್ರಿ ಬೇಕೋ ಬೇಡವೋ ಎಂಬುದಷ್ಟೆ. ಮೊದಲ ತೀರ್ಪನ್ನು ಕೆಡಿಸಿ, ಎರಡನೆಯದಕ್ಕೆ ಆಮಿಷ ಒಡ್ಡಿ, ಬಂದ ಉತ್ತರವನ್ನು ಜನಾದೇಶ ಎನ್ನುವುದು ನ್ಯಾಯವಲ್ಲ.

ಇದನ್ನು ಒಂದು ಪಕ್ಷದ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳುವುದಿಲ್ಲ. ಪಕ್ಷಾಂತರಿಗಳನ್ನು ಹಾರ ಹಾಕಿ ಬರಮಾಡಿಕೊಳ್ಳದ ದೊಡ್ಡ ಪಕ್ಷ ನಮ್ಮ ರಾಜ್ಯದಲ್ಲಿ ಇಲ್ಲ. ಹಣದ ಮಾತೂ ಹಾಗೆಯೇ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ ಕಾನೂನು ಹಾಕಿದ ಮಿತಿ 40 ಲಕ್ಷ ರೂಪಾಯಿ. 2023ರ ಚುನಾವಣೆಯ ವೇಳೆ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆ ಇತ್ಯಾದಿಗಳ ಮೌಲ್ಯ 375 ಕೋಟಿ ದಾಟಿತ್ತು. ಸಿಕ್ಕಿಬಿದ್ದದ್ದೇ ಇಷ್ಟು. ಕೋಟಿಗಟ್ಟಲೆ ಸುರಿದು ಗೆದ್ದವರು ಅದನ್ನು ಎಲ್ಲಿಂದಾದರೂ ತೆಗೆಯಲೇಬೇಕು. ಕುಕ್ಕರ್, ಸೀರೆ ಪಡೆದ ಮನೆಗೆ ಆಮೇಲೆ ಪ್ರಶ್ನೆ ಕೇಳುವ ಗಂಟಲು ಕಟ್ಟುತ್ತದೆ. ಇದು ನಮ್ಮ ಪಾಲಿನ ಲೋಪ, ಇದನ್ನು ಸರಿಪಡಿಸಲು ಯಾವ ಆಯೋಗವೂ ಬರುವುದಿಲ್ಲ.

ಎರಡನೆಯ ಸೋರಿಕೆ: ನಡೆಯದ ಚುನಾವಣೆ

ಪಕ್ಷಾಂತರದ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತದೆ. ಇನ್ನೊಂದು ಸೋರಿಕೆ ಸದ್ದಿಲ್ಲದೆ ನಡೆಯುತ್ತಿದೆ, ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡದು.

ಹಳ್ಳಿಗೆ ಅಧಿಕಾರ ಕೊಡುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತ್ತು. ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಅಂಥ ರಾಜ್ಯದಲ್ಲಿ ಏನಾಯಿತು ನೋಡಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಸ್ಥಳೀಯ ಸಂಸ್ಥೆಯ ಅವಧಿ ಐದೇ ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ಸಂವಿಧಾನ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿದೆ. ಆದರೂ ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ, ಕೋರ್ಟಿನ ತಕರಾರು ಎಂದು ಒಂದಾದ ಮೇಲೊಂದು ಕಾರಣ ಬಂದು ವರ್ಷಗಳು ಉರುಳಿದವು. ಈ ನಡುವೆ ವಿಧಾನಸೌಧದಲ್ಲಿ ಸರ್ಕಾರವೇ ಬದಲಾಯಿತು, ಚುನಾಯಿತರ ಜಾಗದಲ್ಲಿ ಕೂತ ಆಡಳಿತಾಧಿಕಾರಿಗಳ ಆಳ್ವಿಕೆ ಮಾತ್ರ ಬದಲಾಗದೆ ಉಳಿಯಿತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಬೇಕು ಎನ್ನುವವರು ಅಧಿಕಾರಕ್ಕೆ ಬಂದ ಮೇಲೆ ಸುಮ್ಮನಾಗುತ್ತಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಜಿಲ್ಲಾ ಪಂಚಾಯಿತಿಗೆ ಚುನಾಯಿತ ಅಧ್ಯಕ್ಷರಿಲ್ಲದಿದ್ದರೆ ಶಾಸಕರಿಗೂ ಮಂತ್ರಿಗೂ ಎದುರು ಮಾತಾಡುವವರಿರುವುದಿಲ್ಲ.

ಪ್ರಜೆಗೆ ಇದರಿಂದ ಏನು ನಷ್ಟ? ಬೀದಿಯ ಚರಂಡಿ ಕಟ್ಟಿಕೊಂಡರೆ ಕೇಳಲು ಕಾರ್ಪೊರೇಟರ್ ಇಲ್ಲ. ತಾಲ್ಲೂಕಿನ ಶಾಲೆಯ ಚಾವಣಿ ಸೋರಿದರೆ ಪ್ರಶ್ನಿಸಲು ಸದಸ್ಯರಿಲ್ಲ. ಅಧಿಕಾರಿಗೆ ಅರ್ಜಿ ಕೊಡಬಹುದು, ಕಾಯಬಹುದು. ಮುಂದಿನ ಸಲ ಸೋಲಿಸುತ್ತೇನೆ ಎನ್ನಲು ಆಗುವುದಿಲ್ಲ. ಅಂದರೆ ನಾವು ತಿರುಗಿ 1881ರ ಅಹವಾಲಿನ ಸ್ಥಿತಿಗೇ ಹೋದಂತಾಯಿತು. ಮತ ಹಾಕಿ ಮೋಸಹೋದವರ ಕಥೆ ಪಕ್ಷಾಂತರದ್ದಾದರೆ, ಮತವನ್ನೇ ಹಾಕಗೊಡದ ಕಥೆ ಇದು. ಮೊದಲನೆಯದಕ್ಕೆ ಕೂಗಾಡಿದ ನಾವು ಎರಡನೆಯದಕ್ಕೆ ಬಾಯಿಬಿಡಲಿಲ್ಲ.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ, ಈ ಸಭಾಂಗಣದಲ್ಲಿರುವ ನಾವೇ ಮಾಡಬಹುದಾದ ಕೆಲಸಗಳು.

ಮೊದಲನೆಯದು ಮತದಾರರ ಪಟ್ಟಿ. ಕರಡು ಪಟ್ಟಿ ಬಂದಾಗ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಹತ್ತಿರ ಹೋಗಿ ನಮ್ಮ ಹೆಸರಿನ ಜೊತೆ ಬೀದಿಯ ವೃದ್ಧರ, ಬಾಡಿಗೆ ಮನೆಯವರ, ಗುಳೆ ಹೋದ ಕೂಲಿಕಾರರ ಹೆಸರೂ ಇದೆಯೇ ಎಂದು ನೋಡೋಣ. 18 ತುಂಬಿದವರ ನೋಂದಣಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ವಿದ್ಯಾರ್ಥಿ ಮಿತ್ರರೆ, ಈ ತಿಂಗಳೇ ಹಾಕಿ.

ಎರಡನೆಯದು ಸಭೆ. ವಾರ್ಡ್ ಸಭೆ, ಗ್ರಾಮ ಸಭೆ, ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಜಮಾಬಂದಿ. ಆಶ್ರಯ ಮನೆ ಯಾರಿಗೆ ಎಂದು ತೀರ್ಮಾನವಾಗಬೇಕಾದದ್ದು ಗ್ರಾಮ ಸಭೆಯಲ್ಲಿ. ಜನ ಹೋಗದಿದ್ದರೆ ಆ ಪಟ್ಟಿ ಯಾರದೋ ಮನೆಯ ಪಡಸಾಲೆಯಲ್ಲಿ ತಯಾರಾಗುತ್ತದೆ. ಕೆಲಸದ ಬಿಲ್ಲು, ಅಳತೆ ಪುಸ್ತಕ ತೋರಿಸಿ ಎಂದು ಹತ್ತು ಜನ ಕೂತು ಕೇಳಿದರೆ ಸಾಕು, ಮುಂದಿನ ಸಲ ರಸ್ತೆಗೆ ಜಲ್ಲಿ ಸರಿಯಾಗಿ ಬೀಳುತ್ತದೆ.

ಮೂರನೆಯದು ಪ್ರಶ್ನೆ. ಮತ ಕೇಳಲು ಬಂದವರಿಗೆ ಎರಡೇ ಮಾತು ಕೇಳೋಣ. ಅವಧಿಯ ನಡುವೆ ಪಕ್ಷ ಬಿಟ್ಟರೆ, ರಾಜೀನಾಮೆ ಕೊಟ್ಟರೆ ನಮಗೆ ಏನು ಉತ್ತರ? ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಸಕಾಲಕ್ಕೆ ನಡೆಸಲು ಸದನದಲ್ಲಿ ದನಿ ಎತ್ತುತ್ತೀರಾ? ಉತ್ತರವನ್ನು ಬರೆದಿಟ್ಟುಕೊಳ್ಳೋಣ. ಮಾತು ತಪ್ಪಿದವರು ಯಾವ ಚಿಹ್ನೆಯಲ್ಲಿ ಮರಳಿ ಬಂದರೂ, ಯಾವ ಜಾತಿಯವರಾದರೂ, ಮಂತ್ರಿಗಿರಿಯ ಆಸೆ ತೋರಿಸಿದರೂ ಸೋಲಿಸೋಣ. ಕಾನೂನು ಮುಚ್ಚಲಾಗದ ಕಿಂಡಿಯನ್ನು ಮತದಾರರು ಒಂದೇ ಉಪಚುನಾವಣೆಯಲ್ಲಿ ಮುಚ್ಚಬಲ್ಲರು.

ಸರ್ಕಾರ ಬದಲಾಯಿಸುವವರು ಯಾರು ಎಂದು ಕೇಳಿದೆ. ಅದು ನಾವೇ ಆಗಿರಬೇಕಾದರೆ ಮತದಾನದ ದಿನದಷ್ಟೇ ಎಚ್ಚರ ಉಳಿದ ದಿನಗಳಲ್ಲೂ ಬೇಕು. ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಾಯಿಸಿ ತೃಪ್ತಿಪಟ್ಟರೆ ಆಳುವವರ ಹೆಸರು ಬದಲಾಗುತ್ತದೆ, ಆಳುವ ರೀತಿ ಬದಲಾಗುವುದಿಲ್ಲ. ಆಳುವ ರೀತಿಯನ್ನೇ ಬದಲಾಯಿಸುವ ಶಕ್ತಿ ಈ ರಾಜ್ಯದ ಮತದಾರರಿಗೆ ಇದೆ ಎಂದು ನಾನು ಪೂರ್ಣವಾಗಿ ನಂಬಿದ್ದೇನೆ. ಆ ಕೆಲಸವನ್ನು ನಮ್ಮ ವಾರ್ಡಿನಿಂದ, ನಮ್ಮ ಪಂಚಾಯಿತಿಯಿಂದ ಶುರು ಮಾಡೋಣ.